ಸುವರ್ಣಾ ಮೇಡಂ ನೋಟ್ಸ್

ಕಾಲೇಜಿನ ಗೇಟಿನ ಎದುರಿಗಿದ್ದ ಅಮೀನುದ್ದೀನನ ಝೆರಾಕ್ಸ್ ಅಂಗಡಿಯಲ್ಲಿ ಆ ಗುರುವಾರ ಬೆಳಿಗ್ಗೆ ಕಾಲಿಡಲು ಜಾಗವಿರಲಿಲ್ಲ. ಬಿ.ಎ. ಕೊನೆಯ ವರ್ಷದವರು ಕ್ಷೇತ್ರಕಾರ್ಯದ ವರದಿ ಒಪ್ಪಿಸಲು ಅದೇ ಕೊನೆಯ ದಿನ. ಇಂಡಿ ಊರಿನ ಮಕ್ಕಳು ಕೊನೆಯ ದಿನ ಬರುವ ತನಕ ಯಾವ ಕೆಲಸಕ್ಕೂ ಕೈ ಹಾಕಿದವರಲ್ಲ. ಒಬ್ಬ ಬೈಂಡಿಂಗ್ ಬೇಗ ಮಾಡೆಂದು ಗೋಗರೆಯುತ್ತಿದ್ದ, ಇನ್ನೊಬ್ಬ ಮುಖಪುಟದಲ್ಲಿ ತನ್ನ ಅಪ್ಪನ ಹೆಸರೇ ತಪ್ಪಾಗಿದೆಯೆಂದು ತಲೆಯ ಮೇಲೆ ಕೈ ಹೊತ್ತು ನಿಂತಿದ್ದ.

ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕಿ ಸುವರ್ಣಾ ಝಳಕಿ ಹಾಜರಿ ಪಟ್ಟಿಯ ಎರಡು ಪ್ರತಿ ತೆಗೆಸಲು ಬಂದಿದ್ದಳು.

“ದಾರಿ ಬಿಡ್ರಲೇ, ಮೇಡಂ ಬಂದಾರ!” ಎಂದು ಅಮೀನುದ್ದೀನ ಗದರಿದ. “ಬರ್ರಿ ಮೇಡಂ. ನಿಮ್ಮ ನೋಟ್ಸಿಗೆ ಈ ವರ್ಷ ಭಾಳ ಗಿರಾಕಿ ನೋಡ್ರಿ. ಸಿಂದಗಿ ಹುಡುಗರು ಬಂದು ಒಯ್ದಾರ. ಮೊನ್ನೆ ಬಸವನ ಬಾಗೇವಾಡಿಯಾಂವ ಒಬ್ಬ ಫೋನ್ ಮಾಡಿ, ಮುದ್ದೇಬಿಹಾಳದಾಗ ನಮ್ಮ ಗೆಳ್ಯಾಗೂ ಒಂದು ಸೆಟ್ ಬೇಕು ಅಂದ. ಅಂಥಾ ಭಾಷಾ ಬ್ಯಾರೆ ಯಾರೂ ಬರಿಯಂಗಿಲ್ಲಂತ್ರಿ.”

ಸುವರ್ಣಾ ನಕ್ಕಳು. ನಕ್ಕು, ಹಾಜರಿ ಪಟ್ಟಿಯನ್ನು ಅವನ ಕೈಗಿತ್ತು ಮಾತು ಬದಲಿಸಿದಳು. ಆ ನೋಟ್ಸಿನ ಹೊಗಳಿಕೆ ಕಿವಿಗೆ ಬಿದ್ದಾಗಲೆಲ್ಲ ಅವಳು ಹೀಗೇ ಮಾತು ತಪ್ಪಿಸುತ್ತಿದ್ದಳು, ಏಕೆಂದರೆ ಆ ನೋಟ್ಸನ್ನು ಅವಳು ಬರೆದಿರಲಿಲ್ಲ.

ಅದರ ಕಥೆ ಹೀಗೆ. ಎರಡು ವರ್ಷದ ಹಿಂದೆ ಪಠ್ಯಕ್ರಮ ಬದಲಾಗಿ, ಒಂದೇ ಜೂನ್ ತಿಂಗಳಲ್ಲಿ ಮೂರು ಹೊಸ ವಿಷಯಗಳು ಅವಳ ತಲೆಗೆ ಬಂದವು. ಅವಕ್ಕೆ ಕನ್ನಡದಲ್ಲಿ ಪುಸ್ತಕ ಸಿಗುತ್ತಿರಲಿಲ್ಲ, ಎಲ್ಲೋ ಇದ್ದರೂ ಕಾಲೇಜಿನ ಕಪಾಟಿಗೆ ಬಂದಿರಲಿಲ್ಲ. ವಾರಕ್ಕೆ ಇಪ್ಪತ್ತೆರಡು ತಾಸು ಪಾಠ ಬೇರೆ. ಹೆಸರಿಗೆ ಅತಿಥಿ, ಅದೂ ಎಂಟು ವರ್ಷದಿಂದ! ಯಾವ ಮನೆಯಲ್ಲಿ ಅತಿಥಿಯನ್ನು ಹೀಗೆ ದುಡಿಸಿಕೊಳ್ಳುತ್ತಾರೋ ದೇವರೇ ಬಲ್ಲ. ಆಗ ಕಂಪ್ಯೂಟರ್ ವಿಭಾಗದ ಅನಿಲ ಅಗರಖೇಡ ಅವಳ ಫೋನಿನಲ್ಲಿ ಕೃತಕ ಬುದ್ಧಿಮತ್ತೆಯ ಆ್ಯಪ್ ಹಾಕಿಕೊಟ್ಟಿದ್ದ. “ಇದಕ್ಕ ಕೇಳ್ರಿ ಅಕ್ಕಾ, ನೀವು ಚಹಾ ಕುಡಿಯೂದ್ರಾಗ ಒಂದು ಅಧ್ಯಾಯ ಬರದು ಕೈಯಾಗಿಡ್ತೈತಿ” ಎಂದಿದ್ದ. ಹಾಗೇ ಆಯಿತು. ಮೊದಲ ವರ್ಷ ಪ್ರತಿ ಸಾಲನ್ನೂ ಓದಿ ತಿದ್ದಿದಳು. ಮರುವರ್ಷ ಅರ್ಧ ಓದಿದಳು. ಈ ವರ್ಷ ಹೊಸ ಅಧ್ಯಾಯಗಳ ಮೇಲೆ ‘ಸುವರ್ಣಾ ಝಳಕಿ, ಎಂ.ಎ., ಬಿ.ಎಡ್.’ ಎಂದು ಹೆಸರು ಹಾಕಿ ನೇರವಾಗಿ ಅಮೀನುದ್ದೀನನ ಅಂಗಡಿಗೆ ಕಳಿಸಿದ್ದಳು.

ಮಧ್ಯಾಹ್ನದ ಹೊತ್ತಿಗೆ ಅರವತ್ತು ವರದಿಗಳೂ ಬಂದು ಬಿದ್ದವು. ಜೊತೆಗೆ ಪ್ರಾಚಾರ್ಯ ರಾಚಪ್ಪನವರ ನೋಟೀಸೂ ಬಂತು. ಮಕ್ಕಳ ವರದಿಗಳನ್ನು ಯಂತ್ರ ಬರೆದಿದೆಯೋ ಮಕ್ಕಳೇ ಬರೆದಿದ್ದಾರೋ ಎಂದು ತಪಾಸಣೆ ಮಾಡುವ ತಂತ್ರಾಂಶವೊಂದನ್ನು ಕಾಲೇಜು ತರಿಸಿತ್ತು. ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಯಂತ್ರದ್ದೆಂದು ಬಂದರೆ ಸೊನ್ನೆ ಅಂಕ, ಪಾಲಕರಿಗೆ ಬುಲಾವ್. ವರದಿಯಲ್ಲಿ ಸೊನ್ನೆ ಬಿದ್ದರೆ ಇಡೀ ಸೆಮಿಸ್ಟರು ಫೇಲು.

ಅನಿಲ ಒಂದೊಂದೇ ವರದಿಯನ್ನು ಕಂಪ್ಯೂಟರಿಗೆ ಹಾಕುತ್ತ ಹೋದ. ಮಾರ್ಗದರ್ಶಕಿಯಾದ ಸುವರ್ಣಾ ಪಕ್ಕದಲ್ಲಿ ಕೂತು ಅಂಕಿ ಬರೆದುಕೊಂಡಳು. ಅಮಿತ ಎಂಬವನದು ಬರೀ ಏಳು ಬಂತು. ಆ ಹುಡುಗ ಮೂರು ವರ್ಷದಲ್ಲಿ ಒಂದು ದಿನವೂ ಪೆನ್ನು ತಂದವನಲ್ಲ, ಹಾಜರಿಗೆ ಸಹಿ ಮಾಡಲೂ ಪಕ್ಕದವನನ್ನೇ ಕೇಳುತ್ತಿದ್ದ.

“ಏಳು?” ಎಂದಳು ಸುವರ್ಣಾ.

“ನೆಟ್ ಸೆಂಟರಿನವರು ಒಂದು ಮಷೀನಿಂದ ಬರಿಸಿ, ಇನ್ನೊಂದರಾಗ ಹಾಕಿ ಕಲಸಿ ಕೊಡ್ತಾರ್ರಿ. ಹಿಡಿಯಾಕ ಆಗಂಗಿಲ್ಲ” ಎಂದು ಅನಿಲ ಹೆಗಲು ಕುಣಿಸಿದ. ಮುಂದಿನದನ್ನು ಹಾಕಿದ. “ಅಯ್ಯ! ಇದನ್ನ ನೋಡ್ರಿಲ್ಲೆ. ಮಾಲಾ ಪೂಜಾರಿ. ತೊಂಬತ್ತೊಂದು.”

ಸುವರ್ಣಾಳ ಕೈಯಲ್ಲಿದ್ದ ಪೆನ್ನು ನಿಂತುಬಿಟ್ಟಿತು. ಮಾಲಾ ತಾಂಬಾ ಊರಿನ ಕುರಿಗಾರರ ಮನೆಯ ಹುಡುಗಿ. ಮೊದಲನೇ ಬೆಂಚಿನಲ್ಲಿ ಕೂತು ಹೇಳಿದ್ದನ್ನೆಲ್ಲ ಬರೆದುಕೊಳ್ಳುವವಳು, ಮಳೆ ಬರಲಿ ಬಿಸಿಲು ಬರಲಿ ಬೆಳಗಿನ ಬಸ್ಸು ತಪ್ಪಿಸದವಳು. ಬಿ.ಎಡ್. ಮಾಡಿ ತಮ್ಮೂರ ಶಾಲೆಯಲ್ಲೇ ಶಿಕ್ಷಕಿಯಾಗಬೇಕೆಂಬುದು ಅವಳ ಹಟ. ‘ಇವಳೂ ಹಿಂಗ ಮಾಡಿದಳಾ?’ ಎಂದು ಸುವರ್ಣಾಳಿಗೆ ಮೊದಲು ಸಿಟ್ಟೇ ಬಂತು.

ವರದಿ ತೆಗೆದು ಓದಿದಳು. ‘ಕುರಿ ಸಾಕಾಣಿಕೆಯು ಕೇವಲ ಒಂದು ಉದ್ಯೋಗವಲ್ಲ, ಅದು ಬಹುಆಯಾಮದ ಸಾಂಸ್ಕೃತಿಕ ಪರಂಪರೆಯೂ ಹೌದು. ವಲಸೆಯ ಅವಧಿಯಲ್ಲಿ ಮಹಿಳೆಯರು ಹಲವಾರು ಆರೋಗ್ಯ ಸವಾಲುಗಳನ್ನು ಎದುರಿಸುತ್ತಾರೆ.’ ಹೌದು, ಯಂತ್ರದ್ದೇ ಮಾತು, ಅನುಮಾನವೇ ಇಲ್ಲ. ಕೊನೆಯ ಪುಟದ ಗ್ರಂಥಋಣದಲ್ಲಿ ಒಂದೇ ಒಂದು ಪುಸ್ತಕದ ಹೆಸರಿತ್ತು: ‘ದಖ್ಖನಿನ ಕುರಿಗಾಹಿಗಳ ಸಮಾಜ ರಚನೆ’. ಅನಿಲ ಅದನ್ನು ಹುಡುಕಿ ನೋಡಿದ.

“ಇಂಥಾ ಪುಸ್ತಕ ಜಗತ್ತಿನ್ಯಾಗ ಇಲ್ರಿ ಅಕ್ಕಾ. ಈ ಮಷೀನುಗಳ ಚಟ ಇದು. ಗೊತ್ತಿಲ್ಲಂದ್ರ ಇಲ್ಲದ ಪುಸ್ತಕದ ಹೆಸರ ಹುಟ್ಟಿಸಿ ಬಿಡ್ತಾವ. ಸಿಕ್ಕಬಿದ್ಲು ಹುಡುಗಿ.”

ಆ ಹೆಸರನ್ನು ಎಲ್ಲೋ ಕಂಡ ನೆನಪು ಸುವರ್ಣಾಳಿಗೆ. ಎಲ್ಲಿ ಎಂದು ಹೊಳೆಯಲಿಲ್ಲ.

ಮರುದಿನ ಶುಕ್ರವಾರ ಮಾಲಾಳನ್ನು ಸ್ಟಾಫ್ ರೂಮಿಗೆ ಕರೆಸಿದಳು. ಬೇರೆ ಯಾರೂ ಇರಲಿಲ್ಲ. ಹುಡುಗಿ ಚೀಲವನ್ನು ಎದೆಗವಚಿಕೊಂಡು ನಿಂತಿತು.

“ಕೂಡ್ರು. ಮಾಲಾ, ಖರೆ ಹೇಳು. ಇದನ್ನ ಯಾರು ಬರದಾರ?”

“ನಾನ ಬರದೇನ್ರಿ ಮೇಡಂ.”

“ಫೋನಿನ್ಯಾಗ ಕೇಳಿ ಬರದೀಯಾ?”

“ನಮ್ಮ ಮನ್ಯಾಗ ಅಂಥಾ ಫೋನ ಇಲ್ರಿ ಮೇಡಂ. ಅಪ್ಪನ ಕಡೆ ಐತಿ, ಬಟನ್ನಿನದು. ಮಾತಾಡಾಕಷ್ಟ ಬರ್ತೈತಿ.” ಅವಳು ಚೀಲದಿಂದ ಎರಡು ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟಳು. “ಇದರಾಗ ಮೊದಲ ಕಚ್ಚಾ ಬರಕೊಂಡೇನ್ರಿ. ಆಮ್ಯಾಲ ಚಂದ ಮಾಡಿ ತಿದ್ದಿ, ನೆಟ್ ಸೆಂಟರಿನ್ಯಾಗ ಟೈಪ್ ಮಾಡಸೇನಿ.”

ಸುವರ್ಣಾ ಪುಟ ತೆರೆದಳು. ಗುಂಡಗಿನ, ಒತ್ತಿ ಬರೆದ ಅಕ್ಷರ. ‘ಅಪ್ಪ ಹೇಳಿದ್ದು: ಗೊಬ್ಬರಕ್ಕಂತ ರಾತ್ರಿ ಹೊಲದಾಗ ಕುರಿ ನಿಂದ್ರಿಸಿದಾಗ ಕುರಿ ಮಲಗೂದಿಲ್ಲ ಅಂದ್ರ ತೋಳ ಹತ್ತರ ಐತಿ ಅಂತ ತಿಳಕೋಬೇಕು. ಅವ್ವ ಹೇಳಿದ್ದು: ಕುರಿ ಬೆನ್ನ ಹತ್ತಿ ಹೋದಾಗ ಹೊರ್ತಿ ಕಡೆ ಒಬ್ಬರ ಹೊಲದಾಗ ನನ್ನ ಹಡದಾಳ. ಆ ಹೊಲದ ಗೌಡಶಾನಿ ಹದಿನೈದು ದಿನ ಮನಿಯಾಗ ಇಟ್ಟಗೊಂಡು ಬಾಣಂತನ ಮಾಡ್ಯಾಳ. ಈಗೂ ವರ್ಷಕ್ಕೊಮ್ಮೆ ಅವ್ವ ಆಕಿಗೆ ಒಂದು ಕಂಬಳಿ ಒಯ್ದು ಕೊಡತಾಳ.’

ಸುವರ್ಣಾ ಆ ಪುಟವನ್ನು ಇನ್ನೊಮ್ಮೆ ಓದಿದಳು. “ಇದನ್ನ ಯಾಕ ವರದಿಯಾಗ ಹಾಕಲಿಲ್ಲ ನೀ?”

“ಹಾಕೇನಲ್ರಿ ಮೇಡಂ. ‘ಮಹಿಳೆಯರು ಹಲವಾರು ಆರೋಗ್ಯ ಸವಾಲುಗಳನ್ನು ಎದುರಿಸುತ್ತಾರೆ’ ಅಂತ.”

“ಅಲ್ಲ, ಹಿಂಗ ಇದ್ದಂಗ ಯಾಕ ಹಾಕಲಿಲ್ಲ?”

ಮಾಲಾ ನಾಚಿಕೊಂಡಳು. “ಅದು ನೋಟ್ಸಿನ ಭಾಷಾದಾಗ ಬರಂಗಿಲ್ರಿ. ನಮ್ಮ ಮನ್ಯಾಗ ಬರದವರು ಯಾರೂ ಇಲ್ಲಲ್ರಿ, ನನಗ ಬರಿಯೂ ರೀತಿ ಗೊತ್ತಿರಲಿಲ್ಲ. ಅದಕ್ಕ ನಿಮ್ಮ ನೋಟ್ಸ್ ಎಲ್ಲಾ ಕೈಲೆ ಎರಡ ಸರತಿ ಬರದು ಬಾಯಿಪಾಠ ಮಾಡೇನಿ. ಒಂದೊಂದ ಸಾಲು ಬರಿಯೂ ಮುಂದ, ಇದನ್ನ ಮೇಡಂ ಆಗಿದ್ರ ಹೆಂಗ ಬರೀತಿದ್ರು ಅಂತ ವಿಚಾರ ಮಾಡೇ ಬರದೇನ್ರಿ.”

“ಮತ್ತ ಆ ಪುಸ್ತಕ?” ಎಂದು ಸುವರ್ಣಾ ಕೇಳಿದಳು. ಕೇಳುವಾಗಲೇ ಉತ್ತರ ಹೊಳೆದಿತ್ತು.

“ಅದೂ ನಿಮ್ಮ ನೋಟ್ಸಿನ್ಯಾಗಿಂದ್ರಿ. ನಾಕನೇ ಅಧ್ಯಾಯದ ಕಡೀಕ ಐತಲ್ರಿ. ವಿಜಯಪುರದ ಲೈಬ್ರರಿಗೂ ಹೋಗಿದ್ದೆ, ಸಿಗಲಿಲ್ರಿ. ಓದಲಾರದ ಹೆಸರ ಹಾಕಿದ್ದು ತಪ್ಪಾತೇನ್ರಿ ಮೇಡಂ? ತಪ್ಪಾಗಿದ್ರ ಕ್ಷಮಾ ಮಾಡ್ರಿ.”

ಹುಡುಗಿ ತನ್ನನ್ನು ದೂರುತ್ತಿಲ್ಲ, ತನ್ನಲ್ಲೇ ಕ್ಷಮೆ ಕೇಳುತ್ತಿದೆ! “ನೀ ಈಗ ಹೋಗು, ನಾ ಹೇಳಿ ಕಳಸ್ತೇನಿ” ಎಂದಷ್ಟೇ ಅಂದಳು. ಆಮೇಲೆ ತನ್ನದೇ ನೋಟ್ಸಿನ ನಾಲ್ಕನೇ ಅಧ್ಯಾಯ ತೆಗೆದು ನೋಡಿದಳು. ಇತ್ತು, ಅದೇ ಹೆಸರು. ಈ ವರ್ಷ ಒಂದು ಸಲವೂ ಓದದೆ ಅಚ್ಚಿಗೆ ಕಳಿಸಿದ ಅಧ್ಯಾಯ ಅದು.

ಅನಿಲನಿಗೆ ಎಲ್ಲ ಹೇಳಿದಾಗ ಅವನು ಮೊದಲು ಬಾಗಿಲು ಮುಚ್ಚಿದ.

“ಅಕ್ಕಾ, ಈ ಮಾತು ಈ ಕ್ವಾಣಿ ಬಿಟ್ಟು ಹೊರಗ ಹೋಗಬಾರದು. ಮುಂದಿನ ವರ್ಷ ಯಾರನ್ನ ಇಟ್ಟುಕೋಬೇಕು ಅನ್ನೂ ಪಟ್ಟಿ ಸೋಮವಾರ ಆಡಳಿತ ಮಂಡಳಿಗೆ ಹೋಗ್ತೈತಿ. ಈಗ ಬಾಯಿ ಬಿಟ್ರ ನಿಮ್ಮ ಹೆಸರು ಮೊದಲ ಹಾರ್ತೈತಿ.”

“ಹಂಗಾರ ಆ ಹುಡುಗಿ ಫೇಲ್ ಆಗಬೇಕೇನು?”

“ಫೇಲ್ ಯಾಕ ಆಗ್ತಾಳ? ‘ತಪ್ಪಾಗಿದೆ, ಮತ್ತೆ ಬರೆದು ಕೊಡುತ್ತೇನೆ’ ಅಂತ ಒಂದು ತಪ್ಪೊಪ್ಪಿಗೆ ಪತ್ರಕ್ಕ ಆಕಿ ಕಡಿಂದ ಸಹಿ ಮಾಡಸ್ರಿ. ನಾ ಪ್ರಾಚಾರ್ಯರಿಗೆ ಹೇಳಿ ಅರ್ಧ ಅಂಕರೇ ಕೊಡಸ್ತೇನಿ, ಪಾಸ್ ಆಗ್ತಾಳ. ನೀವೂ ಉಳೀತೀರಿ. ಇಷ್ಟಕ್ಕೂ ನೀವು ಏನು ಮಹಾ ಪಾಪ ಮಾಡೀರಿ? ಮೂರು ಹೊಸಾ ವಿಷಯ ಕೊಟ್ಟು ಒಂದು ಪುಸ್ತಕ ಕೊಡಲಿಲ್ಲ ಇವರು. ನಮ್ಮ ಪ್ರಾಚಾರ್ಯರ ಭಾಷಣ ಯಾರು ಬರದ ಕೊಡ್ತಾರ ಅನಕೊಂಡೀರಿ? ನಾನ, ಆ ಮಷೀನಿಗೆ ಹೇಳಿ. ಕಾಲ ಬದಲಾಗೈತ್ರಿ ಅಕ್ಕಾ. ಇದನ್ನ ಬಿಟ್ಟು ಪಾಠ ಮಾಡ್ತೇನಿ ಅನ್ನೂದು ಈಗ ಆಗೂ ಮಾತಲ್ಲ.”

ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಅದೇ ಸುವರ್ಣಾಳನ್ನು ಹೆಚ್ಚು ಹೆದರಿಸಿತು. ಗಂಡನಿಗೆ ಚಡಚಣದ ದ್ರಾಕ್ಷಿ ಗೋದಾಮಿನಲ್ಲಿ ಹಂಗಾಮಿನ ಕೆಲಸ, ವರ್ಷವಿಡೀ ಬರುವ ಸಂಬಳ ಇವಳದೊಂದೇ. ಮಗಳು ಎಂಟನೇ ಇಯತ್ತೆ. ಪಟ್ಟಿಯಿಂದ ಹೆಸರು ಹೋದರೆ ಈ ವಯಸ್ಸಿನಲ್ಲಿ ಇನ್ನಾವ ಬಾಗಿಲು ಬಡಿಯಬೇಕು? ಹೆದರಿಕೆ ಎಂಬುದು ಒಳ್ಳೆಯವರ ಕೈಯಿಂದಲೂ ಎಂಥೆಂಥ ಕೆಲಸ ಮಾಡಿಸುತ್ತದೆ ನೋಡಿ. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ತಾಂಬಾ ಬಸ್ಸಿಗೆ ಕಾಯುತ್ತಿದ್ದ ಮಾಲಾಳ ಕೈಗೆ ಅವಳೇ ಹೋಗಿ ಆ ಪತ್ರ ಕೊಟ್ಟಳು.

“ಇದಕ್ಕ ಸಹಿ ಮಾಡಿಕೊಂಡು ನಾಳೆ ಅಪ್ಪನ್ನ ಕರಕೊಂಡು ಬಾ. ಎಲ್ಲಾ ಸರಿ ಹೋಗ್ತೈತಿ.”

ಹುಡುಗಿ ಪತ್ರ ಓದಿತು. ಮುಖ ಎತ್ತಿ ಅವಳನ್ನು ನೋಡಿತು. “ನೀವು ಹೇಳಿದ್ರ ಮಾಡ್ತೇನ್ರಿ ಮೇಡಂ” ಎಂದು ಬಸ್ಸು ಹತ್ತಿತು.

ಶನಿವಾರ ಮೂರು ಗಂಟೆಗೆ ಪ್ರಾಚಾರ್ಯರ ಕೋಣೆಯಲ್ಲಿ ವಿಚಾರಣೆಯೆಂದು ಗೊತ್ತಾಗಿತ್ತು. ಆದರೆ ಹನ್ನೊಂದಕ್ಕೇ ಮಾಲಾಳ ಅಪ್ಪ ಸಿದ್ದರಾಯ ಮಗಳೊಂದಿಗೆ ಬಂದು ಸ್ಟಾಫ್ ರೂಮಿನ ಹೊರಗೆ ನಿಂತಿದ್ದ. ಬಿಳಿ ರುಮಾಲು, ಹೆಗಲ ಮೇಲೆ ಕಂಬಳಿ. ಪತ್ರವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡಿದ್ದ. ಸಹಿ ಇನ್ನೂ ಆಗಿರಲಿಲ್ಲ.

“ಶರಣ್ರಿ ಅಕ್ಕೋರ. ನನಗ ಓದಾಕ ಬರಂಗಿಲ್ಲ, ಮಗಳ ಕಡಿಂದ ಓದಿಸಿ ಕೇಳೇನಿ. ‘ನಾನು ಮಾಡಿದ ತಪ್ಪು’ ಅಂತ ಐತ್ರಿ ಇದರಾಗ. ಯಾವ ತಪ್ಪು ಅಂದ್ರ ಆಕಿಗೂ ಗೊತ್ತಿಲ್ಲ. ಮೇಡಂ ಹೇಳ್ಯಾರ, ಮಾಡೂಣು ಅಂತಾಳ. ನಿಮ್ಮ ಮ್ಯಾಲ ಆಕಿಗೆ ಅಷ್ಟ ನಂಬಿಗಿ ಐತ್ರಿ. ನಾ ಒಂದು ಮಾತು ಕೇಳ್ಲೇನ್ರಿ?”

“ಕೇಳ್ರಿ.”

“ಎರಡು ಹಿಂಡು ಒಂದ ಹಳ್ಳಕ್ಕ ನೀರಿಗೆ ಇಳದ್ರ, ಅವರ ಕುರಿ ಒಂದೆರಡು ನಮ್ಮರಾಗ ಸೇರಿ ಬರ್ತಾವ್ರಿ. ಸಂಜಿಕ ಹಟ್ಟಿಯಾಗ ಕೂಡೂ ಮುಂದ ನಮಗ ತಿಳದ ಬಿಡ್ತೈತಿ, ಇದು ನಮ್ಮದಲ್ಲ ಅಂತ. ಆಗಿಂದಾಗ ಹೊಡಕೊಂಡು ಹೋಗಿ ಮುಟ್ಟಿಸಿ ಬರಬೇಕ್ರಿ. ಅವರು ಹುಡುಕ್ಯಾಡಕೋತ ಬಂದ ಮ್ಯಾಲ ಕೊಟ್ರ ಅದನ್ನ ಕೊಟ್ಟಂಗ ಅಂತ ಹಿಡಿಯಂಗಿಲ್ಲ ನಮ್ಮೊಳಗ. ಹಂಗ ನಡದ ಬಂದೈತಿ. ಈಗ ನೀವು ಹೇಳ್ರಿ ಅಕ್ಕೋರ, ನನ್ನ ಮಗಳು ಬ್ಯಾರೇದವರ ಕುರಿ ಒಳಗ ಇಟ್ಟುಕೊಂಡಾಳೇನು? ಇಟ್ಟುಕೊಂಡಿದ್ರ ಈಗಿಂದೀಗ ಸಹಿ ಮಾಡಸ್ತೇನಿ, ನನಗೇನು ಬ್ಯಾಸರಿಲ್ಲ.”

ಸುವರ್ಣಾ ಆ ಮನುಷ್ಯನ ಮುಖ ನೋಡಲಾರದೆ ಕಂಬಳಿಯ ಅಂಚು ನೋಡಿದಳು.

“ಇಲ್ರಿ. ಆಕಿ ಇಟ್ಟುಕೊಂಡಿಲ್ಲ.”

“ಮತ್ತ ಯಾರು ಇಟ್ಟುಕೊಂಡಾರ್ರಿ?”

ಅವನು ಚುಚ್ಚಲು ಕೇಳಿದ್ದಲ್ಲ, ತಿಳಿಯದೆ ಕೇಳಿದ್ದ. ಸುವರ್ಣಾ ಕೈ ಚಾಚಿ ಪತ್ರವನ್ನು ತೆಗೆದುಕೊಂಡಳು. “ನೀವು ನಳಕ್ಕ ಹೋಗಿ ನೀರು ಕುಡದು, ಆ ನೆಳ್ಳಿಗೆ ಕೂಡ್ರಿ. ಮೂರು ಗಂಟೇಕ ಒಳಗ ಕರೀತೇನಿ” ಎಂದಳು.

ಒಳಗೆ ಬಂದು ಒಂದು ಬಿಳಿ ಹಾಳೆ ತೆಗೆದುಕೊಂಡು ಕೂತಳು. ಮೊದಲ ಸಾಲು ಬರೆದು ಹೊಡೆದು ಹಾಕಿದಳು. ಇನ್ನೊಂದು ಹಾಳೆ ತೆಗೆದಳು, ಅದೂ ಕೆಟ್ಟಿತು. ಯಾರನ್ನೂ ಕೇಳದೆ ತಾನೇ ಒಂದು ಪುಟ ಬರೆದು ಎಷ್ಟು ಕಾಲವಾಗಿತ್ತೋ! ಮೇಜಿನ ಮೇಲೆ ಫೋನು ಇತ್ತು, ಕೇಳಿದ್ದರೆ ಕ್ಷಣದಲ್ಲಿ ಬರೆದು ಕೊಡುತ್ತಿತ್ತು. ಅದನ್ನು ಪರ್ಸಿನೊಳಗೆ ಹಾಕಿ ಜಿಪ್ ಎಳೆದಳು. ನಾಲ್ಕನೇ ಹಾಳೆ ಮುಗಿಯುವ ಹೊತ್ತಿಗೆ ಊಟದ ಹೊತ್ತು ಮೀರಿತ್ತು, ಡಬ್ಬಿಯ ರೊಟ್ಟಿ ಹಾಗೇ ಉಳಿದಿತ್ತು.

ಮೂರು ಗಂಟೆಗೆ ರಾಚಪ್ಪನವರು ಕನ್ನಡಕ ಏರಿಸಿ ಕೂತರು. ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಅನಿಲ ಕೂತಿದ್ದ. ಮಾಲಾ, ಸಿದ್ದರಾಯ ಬಾಗಿಲ ಹೊರಗೆ ಬೆಂಚಿನ ಮೇಲಿದ್ದರು.

“ತಪ್ಪೊಪ್ಪಿಗೆ ಪತ್ರ ತಂದೀರೇನ್ರಿ ಮೇಡಂ?” ಎಂದರು ರಾಚಪ್ಪನವರು.

“ತಂದೇನ್ರಿ ಸರ್. ಆದರ ಆಕಿದಲ್ಲ, ನಂದು.”

ಅನಿಲ ತಲೆ ಎತ್ತಿ ಬೇಡ ಬೇಡವೆಂದು ಕಣ್ಣಲ್ಲೇ ಸನ್ನೆ ಮಾಡಿದ. ಸುವರ್ಣಾ ಆ ಕಡೆ ನೋಡಲಿಲ್ಲ. ಕೈಬರಹದ ಹಾಳೆಯನ್ನೂ ತನ್ನ ನೋಟ್ಸನ್ನೂ ಪ್ರಾಚಾರ್ಯರ ಮುಂದಿಟ್ಟಳು. “ಅನಿಲ, ನನ್ನ ನೋಟ್ಸ್ ಫೈಲು ನಿನ್ನ ಕಡೆ ಐತಲ್ಲ, ನಾಕನೇ ಅಧ್ಯಾಯ ಆ ತಪಾಸಣಿಗೆ ಹಾಕು.”

“ಅಕ್ಕಾ, ಸುಮ್ಮ...”

“ಹಾಕಪಾ ತಮ್ಮಾ.”

ಅವನು ಹಾಕಿದ. ಪರದೆಯ ಮೇಲೆ ಚಕ್ರ ತಿರುಗಿತು. ತೊಂಬತ್ತೇಳು ಎಂದು ಬಂತು. ಅನಿಲ ಪರದೆಯನ್ನು ಪ್ರಾಚಾರ್ಯರ ಕಡೆ ತಿರುಗಿಸಿದ.

“ಹುಡುಗಿ ಒಂದಕ್ಷರ ಕದ್ದಿಲ್ರಿ ಸರ್. ಆಕಿಗೆ ಬರಿಯೂದು ಕಲಿಸಬೇಕಾದಾಕಿ ನಾನು. ನಾ ಕಲಿಸಿದ್ದು ಇದನ್ನ. ಮಾಸ್ತರು ಹೇಳಿದ್ದು ಖರೆ ಅಂತ ನಂಬಿ ಎರಡು ಸರತಿ ಕೈಲೆ ಬರದು, ಹಂಗ ಬರಿಯೂದು ರೂಢಿ ಮಾಡಿಕೊಂಡಾಳ. ಆ ಇಲ್ಲದ ಪುಸ್ತಕಾನೂ ನನ್ನ ನೋಟ್ಸಿನ್ಯಾಗಿನದ. ನಾ ಓದಿ ನೋಡದೇ ನನ್ನ ಹೆಸರು ಹಾಕಿ ಹಂಚೇನಿ. ಮೂರು ವಿಷಯ ಒಮ್ಮೆಲೆ ಕೊಟ್ರಿ, ಹೊತ್ತು ಸಾಲಲಿಲ್ಲ, ಅದು ಖರೆ. ಆದರ ಅದನ್ನ ಬಂದು ನಿಮಗ ಹೇಳಬೇಕಾಗಿತ್ತು. ಹೇಳಾಕ ಹೆದರಿದೆ.”

ರಾಚಪ್ಪನವರು ಹಾಳೆಯನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಮುಖ ಉಜ್ಜಿಕೊಂಡರು. ಅವರು ಕೆಟ್ಟವರಲ್ಲ. ನಿವೃತ್ತಿಗೆ ಎರಡು ವರ್ಷ ಉಳಿದ, ಕಾಲೇಜಿನ ಹೆಸರಿಗೆ ಕಲೆ ಬೀಳದೆ ಹೋದರೆ ಸಾಕೆಂದುಕೊಂಡ ಮನುಷ್ಯ.

“ಇದನ್ನ ನನಗ ಯಾಕ ಹೇಳಿದ್ರಿ? ಹೇಳದಿದ್ರ ಯಾರಿಗೂ ತಿಳೀತಿದ್ದಿಲ್ಲ.”

“ಅದಕ್ಕ ಹೇಳೇನ್ರಿ.”

“ಸೋಮವಾರದ ಪಟ್ಟಿ ಬಗ್ಗೆ ನಾ ಮಾತು ಕೊಡಾಕ ಆಗಂಗಿಲ್ಲ ಮೇಡಂ. ಈ ಹಾಳಿ ಫೈಲಿಗೆ ಹೋಗ್ತೈತಿ, ಮಂಡಳಿಯವರು ಓದ್ತಾರ.”

“ಗೊತ್ತೈತ್ರಿ.”

“ಆತು. ಆ ಹುಡುಗೀನ ಕರೀರಿ.”

ಮಾಲಾ ಒಳಗೆ ಬಂದು ಕೈಕಟ್ಟಿ ನಿಂತಳು. ರಾಚಪ್ಪನವರು ವರದಿಯನ್ನು ಪಕ್ಕಕ್ಕೆ ಸರಿಸಿ, “ಪುಸ್ತಕದ ಮಾತು ಬ್ಯಾಡ. ನಿಮ್ಮ ಮಂದಿ ಹೊಲದಾಗ ಕುರಿ ನಿಂದ್ರಸ್ತಾರಲ್ಲ, ಒಂದ ಜಾಗಾದಾಗ ಎಷ್ಟು ರಾತ್ರಿ ನಿಂದ್ರಸ್ತೀರಿ?” ಎಂದರು.

“ಒಂದ ರಾತ್ರಿ ಅಷ್ಟ್ರಿ ಸರ್. ಮರುದಿವಸ ಜಾಗಾ ಸರಸ್ತೇವಿ.”

“ಅದ್ಯಾಕ? ನಮ್ಮಪ್ಪ ಮೂರು ರಾತ್ರಿ ನಿಂದ್ರಸ್ತಿದ್ದ. ಗೊಬ್ಬರ ಹೆಚ್ಚಾದ್ರ ಛಲೋ ಅಲ್ಲೇನು?”

“ಇಲ್ರಿ ಸರ್, ಸುಳ್ಳ!” ಎಂದುಬಿಟ್ಟಳು ಹುಡುಗಿ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. “ಅಂದ್ರ... ಗೊಬ್ಬರದ ಅಷ್ಟು ಖಾರ ಬಿದ್ರ ಮೊದಲನೇ ಜ್ವಾಳ ಬರೇ ಎಲಿಗೆ ಹೋಗ್ತೈತ್ರಿ, ತೆನಿ ಹಿಡಿಯಂಗಿಲ್ಲ. ನಿಮ್ಮ ಹೊಲ ಕರಿ ಎರಿ ಮಣ್ಣೇನ್ರಿ, ಕೆಂಪು ಮಸಾರಿ ಏನ್ರಿ?”

ಅಲ್ಲಿಂದ ಮುಂದೆ ಅರ್ಧ ತಾಸು ಅದು ಪರೀಕ್ಷೆಯಂತೆ ಇರಲೇ ಇಲ್ಲ. ಬಾಗಿಲಾಚೆಯಿಂದ ಸಿದ್ದರಾಯನೂ ಎರಡು ಮಾತು ಸೇರಿಸಿದ. ಹೊರ್ತಿಯ ಗೌಡಶಾನಿಯ ಸುದ್ದಿ ಬಂದಾಗ ರಾಚಪ್ಪನವರು ಪೆನ್ನು ಕೆಳಗಿಟ್ಟು ಕೇಳಿದರು. ಕೊನೆಗೆ ಪಟ್ಟಿಯಲ್ಲಿ ಮಾಲಾಳ ಹೆಸರಿನ ಮುಂದೆ ಅನಿಲ ಬರೆದಿದ್ದ ಸೊನ್ನೆಯನ್ನು ಹೊಡೆದು ಹಾಕಿ, ‘ವರದಿಯನ್ನು ತನ್ನ ಮಾತಿನಲ್ಲಿ ತಿದ್ದಿ ಕೊಡಲು ಒಂದು ವಾರ, ಮೌಖಿಕ ತೃಪ್ತಿಕರ’ ಎಂದು ಬರೆದು ಸಹಿ ಮಾಡಿದರು.

“ಅನಿಲ, ಆ ಮಷೀನ್ ಬಂದ್ ಮಾಡ್ರಿ. ಅರವತ್ತೂ ಹುಡುಗರನ್ನ ಹಿಂಗ ಕರದು ಹತ್ತತ್ತು ನಿಮಿಷ ಕೇಳೂಣು. ಆ ಏಳು ಬಂದಾಂವ ಯಾರು, ಅಮಿತ? ಅವನಿಂದ ಶುರು ಮಾಡ್ರಿ.”

ಹೊರಗೆ ವರಾಂಡದಲ್ಲಿ ಮಾಲಾ ಖುಷಿಯಿಂದ ಅಪ್ಪನ ಕೈ ಹಿಡಿದು ಜಗ್ಗುತ್ತಿದ್ದಳು. ಒಳಗೆ ನಡೆದದ್ದು ಅವಳಿಗಿನ್ನೂ ಗೊತ್ತಿರಲಿಲ್ಲ. ಸುವರ್ಣಾಳಿಗೆ ಪ್ರಾಚಾರ್ಯರ ಮುಂದೆ ಹೇಳಿದ್ದಕ್ಕಿಂತ ಇದು ಕಷ್ಟವೆನಿಸಿತು. ಆದರೂ ಹೇಳಿದಳು. ನೋಟ್ಸನ್ನು ತಾನು ಬರೆದಿಲ್ಲವೆಂದು, ಆ ಪುಸ್ತಕ ಎಲ್ಲೂ ಇಲ್ಲವೆಂದು, ಯಾವತ್ತೂ ಇರಲಿಲ್ಲವೆಂದು.

ಮಾಲಾಳ ಮುಖದ ಮೇಲಿನ ನಗು ಸ್ವಲ್ಪ ಸ್ವಲ್ಪವೇ ಇಳಿಯಿತು. ಅಪ್ಪನ ಕೈ ಬಿಟ್ಟಳು.

“ಆ ಲೈಬ್ರರಿಯಾವರು ನಕ್ಕಿದ್ರು ಮೇಡಂ” ಎಂದಳು ಆಮೇಲೆ. ಕಣ್ಣು ತುಂಬಿದ್ದವು. “ಇಂಥಾ ಪುಸ್ತಕ ಇಲ್ಲವಾ, ನಿಮ್ಮ ಮೇಡಂ ಸುಳ್ಳ ಬರದಾರ ಅಂದ್ರು. ನನಗ ಎ‍ಷ್ಟು ಸಿಟ್ಟು ಬಂತಂದ್ರ, ನಮ್ಮ ಮೇಡಂ ಸುಳ್ಳ ಬರಿಯಂಗಿಲ್ಲ, ನಿಮಗ ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ರಿ ಅಂತ ಎಲ್ಲಾರ ಮುಂದ ಅವರ ಜೋಡಿ ಜಗಳಾ ತಗದು ಬಂದೇನ್ರಿ.”

ಸಿದ್ದರಾಯ ರುಮಾಲು ಸರಿಮಾಡಿಕೊಂಡ. ಸುವರ್ಣಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಳುವುದರಿಂದ ಏನೂ ಸರಿಹೋಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

“ನಾಳೆ ರವಿವಾರ. ಮುಂಜಾನಿ ಬಸ್ಸಿಗೆ ನನ್ನ ಜೋಡಿ ವಿಜಯಪುರಕ್ಕ ಬರ್ತೀಯೇನು?” ಎಂದು ಕೇಳಿದಳು.

ಮಾಲಾ ಅಪ್ಪನ ಮುಖ ನೋಡಿದಳು. “ಹೋಗಿ ಬಾ” ಎಂದ ಸಿದ್ದರಾಯ.

ಮರುದಿನ ವಿಜಯಪುರದ ಗ್ರಂಥಾಲಯದಲ್ಲಿ ಪುಸ್ತಕ ಕೊಡುವ ಕಟ್ಟೆಯ ಹಿಂದೆ ಯಂಕಪ್ಪನೆಂಬ ವಯಸ್ಸಾದ ಮನುಷ್ಯ ಕೂತಿದ್ದ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಮೇಜು ಹಿಡಿದು ತುಂಬಿದ್ದರು. ಮಾಲಾಳನ್ನು ಕಂಡದ್ದೇ ಯಂಕಪ್ಪ, “ಬಂದ್ಯಾ ತಾಯಿ? ಇವತ್ತೂ ಜಗಳಕ್ಕ ಬಂದೀಯೇನು?” ಎಂದ. ಇಬ್ಬರು ಹುಡುಗರು ತಿರುಗಿ ನೋಡಿ ನಕ್ಕರು. ಮಾಲಾ ತಲೆ ತಗ್ಗಿಸಿದಳು.

ಸುವರ್ಣಾ ಮುಂದೆ ಹೋಗಿ ನಿಂತಳು. ಎಂಟು ವರ್ಷ ಪಾಠ ಮಾಡಿದ ಧ್ವನಿ, ಕಡೆಯ ಮೇಜಿಗೂ ಕೇಳಿಸಿತು.

“ಆಕಿ ಹೇಳೂ ಮೇಡಂ ನಾನ್ರಿ. ನೀವು ಹೇಳಿದ್ದ ಖರೆ. ಆ ಪುಸ್ತಕ ಇಲ್ಲ. ಇಲ್ಲದ್ದನ್ನ ಐತಿ ಅಂತ ನಾ ಬರದು ಕೊಟ್ಟಿದ್ದೆ. ತಪ್ಪು ನಂದು, ಈ ಹುಡುಗೀದಲ್ಲ. ನಿಮ್ಮ ಜೋಡಿ ಜಗಳಾಡಿದ್ದು ನನ್ನ ಸಲುವಾಗಿ. ಕ್ಷಮಾ ಮಾಡ್ರಿ.”

ನಗುತ್ತಿದ್ದ ಹುಡುಗರು ಪುಸ್ತಕದ ಕಡೆ ತಿರುಗಿದರು. “ಹಂಗೇನಿಲ್ರಿ ಮೇಡಂ, ಇರಲಿ ಬಿಡ್ರಿ...” ಎಂದು ತೊದಲಿ, ಯಂಕಪ್ಪ ಕುರ್ಚಿಯಿಂದ ಎದ್ದು ನಿಂತ.

ಆಗ ಮಾಲಾ ಮೆಲ್ಲಗೆ ಕೇಳಿದಳು. “ಕುರಿಗಾರರ ಮ್ಯಾಲ ಖರೇನ ಇರೂ ಪುಸ್ತಕ ಯಾವುದರೆ ಐತೇನ್ರಿ ಕಾಕಾ?”

“ಇರತಾವವಾ, ತಡಿ, ನೋಡ್ತೇನಿ.” ಅವನು ಒಳಗಿನ ಸಾಲಿಗೆ ಹೋಗಿ ಬಹಳ ಹೊತ್ತು ಹುಡುಕಿದ. ಏಣಿ ಸರಿಸಿದ ಸಪ್ಪಳ ಕೇಳಿಸಿತು. ಧೂಳು ಹಿಡಿದ, ದಪ್ಪ ರಟ್ಟಿನ ಒಂದು ಹಳೆಯ ಪುಸ್ತಕ ತಂದು ಕಟ್ಟೆಯ ಮೇಲಿಟ್ಟು, ಬಟ್ಟೆಯಿಂದ ಒರೆಸಿ, ರಿಜಿಸ್ಟರು ತೆರೆದು ಪೆನ್ನಿನ ಮುಚ್ಚಳ ತೆಗೆದ.

“ಯಾರ ಹೆಸರಿಗೆ ಬರೀಲಿ?”

ಮಾಲಾ ಕೈ ಮುಂದೆ ಮಾಡಿದ್ದಳು. ಸುವರ್ಣಾ ಅವಳ ಭುಜದ ಮೇಲೆ ಕೈ ಇಟ್ಟಳು.

“ನನ್ನ ಹೆಸರಿಗೆ ಬರೀರಿ. ಮೊದಲ ನಾ ಓದ್ತೇನಿ, ಆಮ್ಯಾಲ ಆಕಿಗೆ ಕೊಡ್ತೇನಿ.”